ರೇಸ್ ಮೊನ್ಜಾದಲ್ಲಿ, ಮಲಗಿದ್ದು ಸೆಸ್ತೊದಲ್ಲಿ

ಹೊರಡುವ ಮುಂಚೆ, ಆಲ್ದೂರು

ವಿದೇಶಕ್ಕೆ ಹೋಗಿ ಫಾರ್ಮುಲಾ 1 (ಎಫ್ 1) ಕಾರ್ ರೇಸ್ ನೋಡುತ್ತೇವೆ ಅಂದರೆ ಎಲ್ಲರೂ ಮೊದಲು ಟಿಕೆಟ್ ರೇಟು ಕೇಳುತ್ತಾರೆ. ಟಿಕೆಟ್ ದುಬಾರಿ ನಿಜ. ಆದರೆ ಅದರ ರೇಟು ಬರೆದಿಟ್ಟಿರುತ್ತದೆ, ಕೊಡುತ್ತೀರೋ ಬಿಡುತ್ತೀರೋ ಅಷ್ಟೇ. ಕೈ ಕಚ್ಚೋದು ರೂಮು.

ನಮ್ಮದು ಆಲ್ದೂರು ಕಡೆ ಒಂದು ಸಣ್ಣ ಕಾಫಿ ತೋಟ, ಅದರೊಳಗೆ ಒಂದು ಹೋಮ್‌ಸ್ಟೇ. ಬಾಡಿಗೆ ಯಾವಾಗ ಏರುತ್ತದೆ, ಯಾಕೆ ಏರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಶುಕ್ರವಾರ ಒಂದು ರಜೆ ಬಿದ್ದರೆ ಸಾಕು, ಕೈಮರದಿಂದ ಮುಳ್ಳಯ್ಯನಗಿರಿ ತನಕ ಕಾರುಗಳ ಸಾಲು, ಮನೆಯಲ್ಲಿ ಫೋನಿಗೆ ಬಿಡುವಿಲ್ಲ. ರ‍್ಯಾಲಿ ವಾರದ ಕಥೆಯೇ ಬೇರೆ. ಏಷ್ಯಾ ಪೆಸಿಫಿಕ್ ಕಾರ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ಚಿಕ್ಕಮಗಳೂರಿಗೆ ಬರುತ್ತಿದ್ದ ವರ್ಷಗಳಲ್ಲಿ ಟೀಮಿನವರು, ಮೆಕ್ಯಾನಿಕ್‌ಗಳು, ಫೋಟೊ ತೆಗೆಯೋರು ಎಲ್ಲ ಸೇರಿ ಊರಿನ ಲಾಡ್ಜುಗಳನ್ನು ತುಂಬಿಸಿಬಿಡುತ್ತಿದ್ದರು. ರ‍್ಯಾಲಿ ಚಾಲಕ ಗೌರವ್ ಗಿಲ್ ಕಾರು ತೋಟದ ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗೋದನ್ನು ನೋಡೋಕೆ ಬೆಳಗಿನ ಚಳಿಯಲ್ಲಿ ಬೇಲಿ ಪಕ್ಕ ನಿಂತವರಲ್ಲಿ ನಾನೂ ಒಬ್ಬಳು. ರೇಸಿನ ಹುಚ್ಚು ಹತ್ತಿದ್ದು ಅಲ್ಲಿಂದ.

2024ರಲ್ಲಿ ರೋಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿತು. ಕಡೂರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಮೈದುನ ಒಂದು ಸಂಜೆ ಬಂದು, "ಅತ್ತಿಗೆ, ಈ ಸಲ ಆಗಲ್ಲ ಅಂದರೆ ಇನ್ಯಾವತ್ತೂ ಆಗಲ್ಲ" ಅಂದ. ಅವನು ಹಿಂದೆ ರ‍್ಯಾಲಿಯಲ್ಲಿ ನ್ಯಾವಿಗೇಟರ್ ಆಗಿ ಕೂತವನು, ಈಗಲೂ ದಾರಿ ಹೇಳುವಾಗ "ಐವತ್ತು ಮೀಟರ್, ಎಡ, ಬಿಗಿ" ಅನ್ನುತ್ತಾನೆ. ನಮ್ಮನೆಯವರಿಗೆ ಫೆರಾರಿ ಬಿಟ್ಟರೆ ಬೇರೆ ಕಾರೇ ಕಾರಲ್ಲ. ಹಾಗಾಗಿ ಯಾವ ರೇಸ್ ಅಂತ ಚರ್ಚೆಯೇ ಆಗಲಿಲ್ಲ. ಇಟಲಿಯ ಮೊನ್ಜಾ, ಸೆಪ್ಟೆಂಬರ್ 1ರ ಭಾನುವಾರ. ತೋಟದಲ್ಲೂ ಆಗ ಕೊಯ್ಲಿಲ್ಲ. ಸೆಪ್ಟೆಂಬರ್ 6ಕ್ಕೆ ಗೌರಿ ಹಬ್ಬ, ಅಷ್ಟರೊಳಗೆ ಮನೆಯಲ್ಲಿರಬೇಕು ಅಂತ ಅತ್ತೆಯ ಷರತ್ತು.

ಚರ್ಚೆ ಆಗಿದ್ದು ಉಳಿಯೋದು ಎಲ್ಲಿ ಅನ್ನೋದಕ್ಕೆ. ಅದು ಚರ್ಚೆಯಲ್ಲ, ಜಗಳ.

ಮೈದುನನಿಗೆ ಟೆಂಟ್ ಬೇಕಿತ್ತು. ಮೊನ್ಜಾ ಟ್ರ್ಯಾಕ್ ಇರೋದು ಗೋಡೆ ಸುತ್ತಿದ ದೊಡ್ಡ ಪಾರ್ಕಿನೊಳಗೆ, ರೇಸ್ ದಿನಗಳಲ್ಲಿ ಅಲ್ಲೇ ಕ್ಯಾಂಪ್ ಹಾಕಬಹುದು. ಎದ್ದರೆ ಟ್ರ್ಯಾಕ್, ಬಿದ್ದರೆ ಟ್ರ್ಯಾಕ್. ಆದರೆ ಪಕ್ಕದ ಟೆಂಟಿನವರು ರಾತ್ರಿ ಎರಡಕ್ಕೆ ಹಾಡು ನಿಲ್ಲಿಸುತ್ತಾರೆ ಅಂತ ಯಾವ ಗ್ಯಾರಂಟಿ? ನನ್ನ ಬೆನ್ನು ಅದಕ್ಕೆ ಒಪ್ಪಲಿಲ್ಲ.

ನಮ್ಮನೆಯವರಿಗೆ ಕೆರೆ ದಂಡೆಯ ಊರು ಬೇಕಿತ್ತು. ಲೆಕ್ಕೊ. ಫೋಟೊದಲ್ಲಿ ಬೆಟ್ಟ, ನೀರು, ದೋಣಿ. ಅಲ್ಲಿಂದ ಮೊನ್ಜಾಗೆ ನೇರ ರೈಲೂ ಇದೆ. ಕಾರು ಬಾಡಿಗೆಗೆ ತಗೊಂಡು ಓಡಾಡೋಣ ಅಂತಲೂ ಅಂದರು. ಕಾರು ಅಂದ ತಕ್ಷಣ ನಾನು ಬೇಡ ಅಂದೆ. ಲೆಕ್ಕೊದಿಂದ ಮಿಲಾನ್‌ಗೆ ಹೋಗುವ ಹೆದ್ದಾರಿ ಮೊನ್ಜಾ ಮೇಲೇ ಹಾದುಹೋಗುತ್ತದೆ. ರೇಸ್ ದಿನ ಅಲ್ಲಿ ಏನಾಗುತ್ತದೆ ಅಂತ ಊಹಿಸೋಕೆ ಇಟಲಿಗೆ ಹೋಗಬೇಕಿಲ್ಲ, ದಸರಾ ರಜೆಯಲ್ಲಿ ಗಿರಿಯ ಚೆಕ್‌ಪೋಸ್ಟ್ ನೋಡಿದವರಿಗೆ ಗೊತ್ತು. ಟ್ರ್ಯಾಕ್ ಪಾರ್ಕಿಂಗ್‌ಗೆ ಮುಂಚೆಯೇ ದುಡ್ಡು ಕಟ್ಟಬೇಕು. ಊರೊಳಗಿನ ನಿರ್ಬಂಧಿತ ಬೀದಿಗೆ ಗೊತ್ತಿಲ್ಲದೆ ಕಾರು ನುಗ್ಗಿಸಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳಾದ ಮೇಲೆ ಮನೆಗೇ ಬರುತ್ತದೆ.

ಮೊನ್ಜಾ ಊರಲ್ಲೇ ಉಳಿಯೋದು ಚೆಂದ. ಆದರೆ ಹೋಟೆಲುಗಳು ರಾತ್ರಿಗೆ 400 ಯೂರೊ ಮೇಲೆ ತೋರಿಸುತ್ತಿದ್ದವು. ಆಗ ಒಂದು ಯೂರೊಗೆ 93 ರೂಪಾಯಿ ಆಸುಪಾಸು. ಅದರ ಮೇಲೆ ಕಡ್ಡಾಯ ನಾಲ್ಕು ರಾತ್ರಿ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ಸಿಲ್ಲ. ಇದನ್ನು ನೋಡಿ ನಮ್ಮನೆಯವರು ನನ್ನ ಮುಖ ನೋಡಿದರು. ಡಿಸೆಂಬರ್ 31ಕ್ಕೆ ನಾನು ಹಾಕುವ ನಿಯಮಗಳೇ ಅವು.

ನಾನು ಮ್ಯಾಪ್ ಇಟ್ಟುಕೊಂಡು ರೈಲು ಹಳಿ ಹಿಡಿದು ಹೋದೆ. ಯಾವ ರೇಸಿಗೇ ಹೋಗಲಿ, ಇದೊಂದು ಕೆಲಸ ಮಾಡಿ. ಬೆಳಿಗ್ಗೆ ಜನ ಟ್ರ್ಯಾಕಿಗೆ ಬರೋದು ನಿಧಾನವಾಗಿ, ಒಬ್ಬೊಬ್ಬರೇ. ಸಂಜೆ ಬಿಡುವಾಗ ಎಲ್ಲರೂ ಒಂದೇ ಸಲ ಹೊರಡುತ್ತಾರೆ. ಹಾಗಾಗಿ ಟ್ರ್ಯಾಕಿಗೆ ಎಷ್ಟು ಹತ್ತಿರ ಅಂತ ನೋಡಬೇಡಿ, ವಾಪಸ್ ಬರೋದು ಹೇಗೆ ಅಂತ ನೋಡಿ. ಮೊನ್ಜಾ ಸ್ಟೇಷನ್‌ನಿಂದ ಮಿಲಾನ್ ಕಡೆಗೆ ಹೊರಟರೆ ಸಿಗುವ ಮೊದಲ ಊರು ಸೆಸ್ತೊ ಸಾನ್ ಜೊವಾನ್ನಿ. ಲೋಕಲ್ ರೈಲಿನಲ್ಲಿ ಒಂದೇ ಸ್ಟಾಪು, ಏಳೆಂಟು ನಿಮಿಷ. ಅದೇ ಸ್ಟೇಷನ್ ಕೆಳಗೆ ಮಿಲಾನ್ ಮೆಟ್ರೊದ ಕೆಂಪು ಲೈನಿನ ಕೊನೆ ನಿಲ್ದಾಣ. ರೈಲು ತುಂಬಿದರೂ ನಮಗೆ ಒಂದು ಸ್ಟಾಪ್ ನಿಲ್ಲೋದು ಏನು ಮಹಾ? ಬೇರೆ ದಿನಗಳಲ್ಲಿ ಮಿಲಾನ್ ನೋಡೋಕೆ ಮೆಟ್ರೊ.

ಸೆಸ್ತೊ ಪ್ರವಾಸಿಗಳ ಊರಲ್ಲ. ಫಾಲ್ಕ್ ಉಕ್ಕಿನ ಕಾರ್ಖಾನೆ, ಬ್ರೆಡಾ, ಪಿರೆಲ್ಲಿ ಅಂತ ಒಂದು ಕಾಲಕ್ಕೆ ಕಾರ್ಮಿಕರೇ ತುಂಬಿದ್ದ ಜಾಗ. ಸುಂದರ ಫೋಟೊ ಇಲ್ಲದ್ದರಿಂದಲೇ ಬಾಡಿಗೆ ಕಡಿಮೆ. ಮೂವರಿಗೆ ಅಡುಗೆಮನೆ ಇರುವ ಫ್ಲ್ಯಾಟು, ರಾತ್ರಿಗೆ 140 ಯೂರೊ.

ಬುಕ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಹಿಂದಿನ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿ ಉಳಿದವರು ಏನಾದರೂ ಬರೆದಿದ್ದಾರಾ ಅಂತ ಹುಡುಕಿದೆ. ಒಬ್ಬ ಜರ್ಮನ್ ರೇಸಿಗೆ ಬಂದಿದ್ದೆ ಅಂತ ಬರೆದಿದ್ದ. ಅಂದರೆ ಈ ಮನೆಯವರು ರೇಸ್ ವಾರದಲ್ಲಿ ಕೊಟ್ಟ ಮಾತಿಗೆ ನಿಲ್ಲುವವರು. ಆಮೇಲೆ ನಾನೇ ಮೆಸೇಜ್ ಹಾಕಿ, "ಅದು ಗ್ರ್ಯಾಂಡ್ ಪ್ರಿ ವಾರ, ನಿಮಗೆ ಗೊತ್ತಲ್ವಾ?" ಅಂತ ಕೇಳಿದೆ. (ಗ್ರ್ಯಾಂಡ್ ಪ್ರಿ ಅಂದರೆ ಎಫ್ 1 ರೇಸು.) ಗೊತ್ತು ಅಂತ ಉತ್ತರ ಬಂತು. ಯಾಕೆ ಕೇಳಿದೆ ಅಂತ ಮುಂದೆ ಹೇಳುತ್ತೇನೆ.

ವೀಸಾಗೂ ರೂಮಿಗೂ ಗಂಟು ಬಿದ್ದಿರುತ್ತದೆ, ಇದನ್ನು ಮರೆಯಬೇಡಿ. ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ ಅಲ್ಲಿ ಕಳೆಯುವ ಎಲ್ಲ ರಾತ್ರಿಗಳ ಬುಕಿಂಗ್ ಕಾಗದ ಕೇಳುತ್ತಾರೆ. ಕನಿಷ್ಠ 30,000 ಯೂರೊ ಮೊತ್ತದ ವಿಮೆ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ, ವೀಸಾ ಸಿಗದಿದ್ದರೂ ಅದು ವಾಪಸ್ ಬರಲ್ಲ. ಹೀಗಿರುವಾಗ ಕ್ಯಾನ್ಸಲ್ ಮಾಡಲಾಗದ ರೂಮಿಗೆ ದುಡ್ಡು ಕಟ್ಟಿ ಕೂರೋದು ಜೂಜು. ಸ್ವಲ್ಪ ಜಾಸ್ತಿ ಆದರೂ ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ.

ಬುಧವಾರ

ಮಂಗಳವಾರ ಬೆಳಿಗ್ಗೆ ಮಳೆಯಲ್ಲೇ ಹೊರಟು, ಬೇಲೂರು, ಹಾಸನದ ಮೇಲೆ ಬೆಂಗಳೂರು ಸೇರಿ, ರಾತ್ರಿ ವಿಮಾನ ಹತ್ತಿ, ಕೊಲ್ಲಿಯಲ್ಲಿ ಒಮ್ಮೆ ಇಳಿದು ಹತ್ತಿ, ಮಿಲಾನ್‌ನ ಮಲ್ಪೆನ್ಸಾ ವಿಮಾನ ನಿಲ್ದಾಣ ತಲುಪಿದ್ದು ಬುಧವಾರ ಮಧ್ಯಾಹ್ನ. ಆಲ್ದೂರಿನ ಸ್ವೆಟರ್ ಹಾಕಿಕೊಂಡೇ ಇಳಿದ ಮೈದುನ ಐದು ನಿಮಿಷಕ್ಕೆ ಬೆವರು ಒರೆಸತೊಡಗಿದ. ಆ ವಾರ ಮಿಲಾನ್ ಸುತ್ತ 33 ಡಿಗ್ರಿ ಬಿಸಿಲು.

ಮಲ್ಪೆನ್ಸಾದಿಂದ ರೈಲು ಮಿಲಾನ್‌ನ ಎರಡು ಸ್ಟೇಷನ್ನಿಗೆ ಹೋಗುತ್ತದೆ, ಚೆಂತ್ರಾಲೆಗೆ ಮತ್ತು ಕಡೋರ್ನಾಗೆ. ನಾವು ಕಡೋರ್ನಾ ರೈಲು ಹತ್ತಿದೆವು, ಒಬ್ಬರಿಗೆ 13 ಯೂರೊ. ಅಲ್ಲಿ ಕೆಂಪು ಮೆಟ್ರೊಗೆ ಬದಲಾಯಿಸಿ ಕೊನೆ ನಿಲ್ದಾಣದವರೆಗೆ ಸುಮ್ನೆ ಕೂತರೆ ಸಾಕು. ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಯಾವ ಸ್ಟಾಪ್, ಎಲ್ಲಿ ಇಳಿಯೋದು ಅಂತ ಇಣುಕುವ ಕೆಲಸವಿಲ್ಲ. ಸೆಸ್ತೊವರೆಗೂ ಮಿಲಾನ್‌ನ ಮಾಮೂಲಿ 2.20 ಯೂರೊ ಟಿಕೆಟ್ಟೇ ನಡೆಯುತ್ತದೆ.

ಸ್ಟೇಷನ್‌ನಿಂದ ಮನೆಗೆ ನಡಿಗೆಯ ದೂರ. ಐದನೇ ಮಹಡಿ. ಲಿಫ್ಟು ನಮ್ಮ ದೇವರ ಕೋಣೆಗಿಂತ ಚಿಕ್ಕದು, ಒಬ್ಬರು ಒಂದು ಸೂಟ್‌ಕೇಸ್ ತಬ್ಬಿಕೊಂಡು ನಿಂತರೆ ಬಾಗಿಲು ಮುಚ್ಚುತ್ತದೆ. ಮನೆ ಯಜಮಾನಿಗೆ ಅರವತ್ತು ದಾಟಿರಬೇಕು. ನಮಸ್ಕಾರ ಆದ ಮೇಲೆ ಮೊದಲು ಕೇಳಿದ್ದು ಪಾಸ್‌ಪೋರ್ಟ್. ಮೂರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟು, ನೆರಳು ಬೀಳದ ಹಾಗೆ ಪಕ್ಕಕ್ಕೆ ಬಾಗಿ, ಫೋನಿನಲ್ಲಿ ಫೋಟೊ ಹೊಡೆದರು. ಇಲ್ಲಿ ಮನೆ ಬಾಡಿಗೆಗೆ ಕೊಡುವವರು ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಮೈದುನ ಗಾಬರಿಯಾದ. ನನಗೆ ನಗು ಬಂತು. ನಮ್ಮ ಹೋಮ್‌ಸ್ಟೇಗೆ ವಿದೇಶಿಯರು ಬಂದರೆ ಆಗ ನಾನೂ ಅಷ್ಟೇ ಗಂಟೆಯೊಳಗೆ ಫಾರ್ಮ್ ಸಿ ತುಂಬಬೇಕಿತ್ತು. ಫೋನಿನ ಅನುವಾದ ಆಪ್ ಹಿಡಿದುಕೊಂಡು ಅದನ್ನು ಹೇಳಿದೆ. ಆಕೆ ಕುರ್ಚಿ ಎಳೆದುಕೊಂಡು ಕೂತರು. ಸರ್ವರ್ ಕೈಕೊಡುತ್ತದಾ ಅಂತ ಕೇಳಿದರು. ಕೊಡುತ್ತದೆ ಅಂದೆ. ಅಲ್ಲಿಂದ ಮುಂದೆ ನಾವು ಗಿರಾಕಿಗಳಲ್ಲ, ಒಂದೇ ಕಸುಬಿನವರು. ಕಾಫಿ ಬಂತು, ಬಾತ್‌ರೂಮಿನ ಗೀಸರ್ ಹೇಗೆ ಸತಾಯಿಸುತ್ತದೆ ಅನ್ನುವ ಗುಟ್ಟೂ ಬಂತು.

ರಾತ್ರಿ ಊಟಕ್ಕೆ ಹೊರಟರೆ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿತ್ತು. ಶಟರ್ ಮೇಲೆ ಕೈಯಲ್ಲಿ ಬರೆದ ಚೀಟಿ, ಯಾವ ತಾರೀಖಿಗೆ ತೆರೆಯುತ್ತೇವೆ ಅಂತ. ಆಗಸ್ಟ್ 15ರ ಅವರ ಹಬ್ಬದ ಸುತ್ತಮುತ್ತ ಸಣ್ಣ ಹೋಟೆಲಿನವರೆಲ್ಲ ರಜೆ ಹಾಕಿ ಸಮುದ್ರದ ಕಡೆ ಹೋಗಿಬಿಡುತ್ತಾರೆ, ಕೆಲವರು ತಿಂಗಳ ಕೊನೆವರೆಗೂ ಬರಲ್ಲ. ಅಡುಗೆಮನೆ ಇರುವ ಮನೆ ಹಿಡಿದದ್ದು ಇಲ್ಲಿ ಕೆಲಸಕ್ಕೆ ಬಂತು. ಸ್ಟೇಷನ್ ಹತ್ತಿರದ ಒಂದು ದಿನಸಿ ಅಂಗಡಿಯಲ್ಲಿ ಅಕ್ಕಿ, ಬೇಳೆ, ಹಸಿಮೆಣಸು ಎಲ್ಲ ಸಿಕ್ಕಿತು. ಅನ್ನ ಮಾಡಿದ್ದು ಮೈದುನ. ಮನೆಯಿಂದ ತಂದ ಚಟ್ನಿಪುಡಿ, ಅಲ್ಲಿನ ಮೊಸರು. ಮೂವರೂ ಮಾತಾಡದೆ ತಿಂದೆವು.

ಗುರುವಾರ

ಕಾರು ಓಡದ ದಿನ. ಇದನ್ನು ದಾರಿ ನೋಡೋಕೆ ಅಂತಲೇ ಇಟ್ಟುಕೊಂಡಿದ್ದೆವು. ರ‍್ಯಾಲಿಯವರು ಮೊದಲು ನಿಧಾನವಾಗಿ ರೇಸಿನ ದಾರಿ ಸುತ್ತಿ ನೋಟ್ಸ್ ಬರೆದುಕೊಳ್ಳುತ್ತಾರಲ್ಲ, ಮೈದುನನ ಪ್ರಕಾರ ನಾವೂ ಅದೇ ಮಾಡಬೇಕು. ಚಿಕ್ಕ ಪುಸ್ತಕ, ಪೆನ್ಸಿಲ್ ಎಲ್ಲ ತಂದಿದ್ದ ಮಹಾರಾಯ.

ಸೆಸ್ತೊದಲ್ಲಿ ರೈಲು ಹತ್ತುವ ಮುಂಚೆ ಒಂದು ವಿಷಯ. ಕಾಗದದ ಟಿಕೆಟ್ ತಗೊಂಡರೆ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದೊಳಗೆ ಅದರ ತುದಿ ತೂರಿಸಿ ದಿನಾಂಕ ಒತ್ತಿಸಬೇಕು. ಕಟಕ್ ಅನ್ನುತ್ತದೆ. ಒತ್ತಿಸದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ, ದಂಡ ಹಾಕುತ್ತಾರೆ.

ಮೊನ್ಜಾ ಸ್ಟೇಷನ್‌ನಿಂದ ಟ್ರ್ಯಾಕ್ ಅಂದುಕೊಂಡಷ್ಟು ಹತ್ತಿರ ಇಲ್ಲ. ಊರು ದಾಟಿ, ಅರಮನೆ ದಾಟಿ, ಪಾರ್ಕಿನೊಳಗೆ ಹೋಗಬೇಕು. ನಡೆದರೆ ನಾಲ್ಕೈದು ಕಿಲೋಮೀಟರ್. ರೇಸ್ ದಿನಗಳಲ್ಲಿ ಸ್ಟೇಷನ್ ಎದುರಿನಿಂದ ಶಟಲ್ ಬಸ್ ಇರುತ್ತದೆ, ಆದರೆ ಬಸ್ಸು ಇಳಿದ ಮೇಲೂ ನಡಿಗೆ ಇದೆ. ಮೊನ್ಜಾ ಊರಲ್ಲಿ 400 ಯೂರೊ ಕೊಟ್ಟವರೂ ಇದೇ ಬಸ್ಸು ಹತ್ತಬೇಕು, ಇಲ್ಲವೇ ನಡೀಬೇಕು. ಆ ಹೋಟೆಲುಗಳ ಮುಂದೆ ಹಾದುಹೋಗುವಾಗ ನನಗೆ ಎಷ್ಟು ಸಮಾಧಾನ ಆಯಿತು ಅಂತ ಬರೆಯೋದು ಸರಿಯಲ್ಲ.

ಟ್ರ್ಯಾಕ್ ಸುತ್ತಳತೆ 5.793 ಕಿಲೋಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯೋದು ಸಣ್ಣ ಕೆಲಸವಲ್ಲ, ಹಾಗಾಗಿ ನಿಮ್ಮ ಸೀಟು ಯಾವ ಕಡೆ ಇದೆ ಅನ್ನೋದರ ಮೇಲೆ ಇಳಿಯುವ ಸ್ಟೇಷನ್ನೇ ಬದಲಾಗುತ್ತದೆ. ಪಿಟ್ (ಕಾರುಗಳಿಗೆ ಟೈರು ಬದಲಿಸುವ ಜಾಗ), ಪಾರಾಬೊಲಿಕಾ ತಿರುವಿನ ಕಡೆ ಸೀಟಿದ್ದರೆ ಮೊನ್ಜಾ ಸ್ಟೇಷನ್, ವೆದಾನೊ ಗೇಟು. ಉತ್ತರದ ರೊಜ್ಜಾ ಶಿಕೇನ್ (ವೇಗ ತಗ್ಗಿಸೋಕೆ ಇಟ್ಟ ಅಂಕುಡೊಂಕು ತಿರುವು), ಲೆಸ್ಮೊ ತಿರುವುಗಳ ಕಡೆ ಇದ್ದರೆ ಬಿಯಾಸೊನೊ-ಲೆಸ್ಮೊ ಪಾರ್ಕೊ ಅನ್ನುವ ಪುಟ್ಟ ಸ್ಟೇಷನ್. ನಮ್ಮ ಸೀಟು ರೊಜ್ಜಾ ಹತ್ತಿರ. ಟಿಕೆಟ್ ಮೊದಲು, ರೂಮು ಆಮೇಲೆ ಅನ್ನೋದು ಇದಕ್ಕೇ. ತುಂಬ ಜನ ಉಲ್ಟಾ ಮಾಡುತ್ತಾರೆ.

ಸಂಜೆ ಮಿಲಾನ್‌ಗೆ ಹೋಗಿ ದುವೊಮೊ ಚರ್ಚ್ ನೋಡಿದೆವು. ಜನ ಜಾತ್ರೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಬೇಕಾದ್ದು ಕಾಫಿ ವಿಷಯ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಬಾರ್ ಕಟ್ಟೆಗೆ ಆತು ನಿಂತು, ಎರಡು ಗುಟುಕಿನ ಎಸ್ಪ್ರೆಸೊ ಕುಡಿದು, ಸಕ್ಕರೆ ತಳ ಕೆರೆದು, ಜನ ಒಂದೂವರೆ ನಿಮಿಷದಲ್ಲಿ ಹೊರಟುಬಿಡುತ್ತಾರೆ. ನಮ್ಮನೆಯವರು ಕಪ್ಪಿನ ಮೇಲಿನ ದಪ್ಪ ನೊರೆ ತೋರಿಸಿ, "ಇದು ರೋಬಸ್ಟಾ ಕೆಲಸ" ಅಂತ ಮೀಸೆ ತಿರುವಿದರು. ಮೇಜಿಗೆ ಕೂತರೆ ರೇಟು ಜಾಸ್ತಿ, ನಿಂತೇ ಕುಡಿಯಿರಿ.

ಶುಕ್ರವಾರ

ಗೇಟಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಸಿದರು. ಮುಚ್ಚಳ ಇಲ್ಲದ ಬಾಟಲಿ ಹಿಡಿದು ಮರಗಳ ನಡುವೆ ನಡೆಯೋದು ಒಂದು ಕಲೆ.

ಆ ವರ್ಷ ಇಡೀ ಟ್ರ್ಯಾಕಿಗೆ ಹೊಸ ಡಾಂಬರು ಹಾಕಿದ್ದರು, ಒಳಗೆ ದಾಟುವ ಸುರಂಗ ದಾರಿಗಳನ್ನೂ ಅಗಲ ಮಾಡಿದ್ದರು. 1922ರಲ್ಲಿ ಈ ಟ್ರ್ಯಾಕನ್ನು ಬರೀ 110 ದಿನದಲ್ಲಿ ಕಟ್ಟಿದ್ದರಂತೆ. ನಮ್ಮೂರ ಬೈಪಾಸ್ ನೆನಪಾಯಿತು, ಬಿಡಿ.

ಮೊದಲ ಅಭ್ಯಾಸ ಮಧ್ಯಾಹ್ನ ಒಂದೂವರೆಗೆ. ಜನರೆಲ್ಲ ಕಾಯುತ್ತಿದ್ದದ್ದು ಒಬ್ಬ ಹುಡುಗನಿಗೆ. ಬೊಲೊನ್ಯಾದ ಕಿಮಿ ಆಂಟೊನೆಲ್ಲಿ, ಹದಿನೆಂಟು ತುಂಬಿ ಐದು ದಿನ ಆಗಿತ್ತು. ಚಾಲಕ ಜಾರ್ಜ್ ರಸೆಲ್‌ನ ಮರ್ಸಿಡಿಸ್ ಕಾರಿನಲ್ಲಿ ಅವನ ಮೊದಲ ಓಟ. ಎಫ್ 1 ಕಾರನ್ನು ನಾನು ಕಣ್ಣಾರೆ ನೋಡಿದ್ದೂ ಅದೇ ಮೊದಲು. ರೊಜ್ಜಾಗೆ ಬರುವಾಗ ಮುನ್ನೂರರ ಆಚೆಯ ವೇಗ, ಬ್ರೇಕ್ ಒತ್ತಿದ ಕ್ಷಣಕ್ಕೆ ಎಂಜಿನ್ ಗಂಟಲು ಕೆರೆದ ಹಾಗೆ ಗೊರ ಗೊರ ಅನ್ನುತ್ತದೆ, ಟೈರು ಕಲ್ಲಂಚು ಹತ್ತಿ ಇಳಿದು ಹೋಗಿಬಿಡುತ್ತದೆ. ಟಿವಿಯಲ್ಲಿ ಬ್ರೇಕ್ ಅನ್ನೋದು ಕಾಣಲ್ಲ. ಹುಡುಗ ಬಂದ, ಎಲ್ಲರೂ ಎದ್ದು ನಿಂತರು. ಹತ್ತು ನಿಮಿಷ ಆಗಿತ್ತೇನೋ, ದೊಡ್ಡ ಪರದೆಯಲ್ಲಿ ಅವನ ಕಾರು ಪಾರಾಬೊಲಿಕಾದಲ್ಲಿ ಗಿರಕಿ ಹೊಡೆದು ತಡೆಗೋಡೆಗೆ ಬಡಿಯಿತು. ಸ್ಟ್ಯಾಂಡ್ ಪೂರ್ತಿ "ಓ" ಅಂತ ಕೂತಿತು. ಹುಡುಗನಿಗೆ ಏನೂ ಆಗಲಿಲ್ಲ. ಮಾರನೇ ದಿನವೇ ಮರ್ಸಿಡಿಸ್‌ನವರು ಮುಂದಿನ ವರ್ಷಕ್ಕೆ ಇವನೇ ನಮ್ಮ ಚಾಲಕ ಅಂತ ಘೋಷಿಸಿದರು. ನನಗೆ ಆ ಟೀಮಿನ ಮೇಲೆ ಗೌರವ ಬಂದಿದ್ದು ಆಗ.

ಎಫ್ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಫ್ 2ರಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಓಡಿಸುತ್ತಿದ್ದ. ಅವನ ಇನ್ವಿಕ್ಟಾ ಟೀಮಿನ ಕಾರು ಬಂದಾಗಲೆಲ್ಲ ನಾವು ಮೂವರೂ ಕೂಗಿದೆವು. ಸುತ್ತಲಿನ ಕೆಂಪು ಟೋಪಿಗಳು ಇವರಿಗೇನಾಯಿತು ಅಂತ ತಿರುಗಿ ನೋಡಿದವು.

ಸಂಜೆ ಎರಡನೇ ಅಭ್ಯಾಸ ಮುಗಿದಾಗ ಆರು ಗಂಟೆ. ಬಸ್ ಸಾಲಿನಲ್ಲಿ ನಮ್ಮ ಹಿಂದೆ ಇಂಗ್ಲೆಂಡಿನ ಗಂಡ ಹೆಂಡತಿ. ಜನವರಿಯಲ್ಲೇ ಮೊನ್ಜಾದಲ್ಲಿ ಒಂದು ಮನೆ ಬುಕ್ ಮಾಡಿದ್ದರಂತೆ. ಜುಲೈನಲ್ಲಿ ಮನೆಯವನು ಪೈಪ್ ಒಡೆದಿದೆ ಅಂತ ಕ್ಯಾನ್ಸಲ್ ಮಾಡಿದ. ವಾರದ ಮೇಲೆ ಅದೇ ಮನೆ, ಅದೇ ಫೋಟೊ, ಎರಡರಷ್ಟು ರೇಟಿಗೆ ಕಾಣಿಸಿತು. ಈಗ ಬೆರ್ಗಾಮೊ ಅನ್ನುವ ಬೇರೆ ಊರಲ್ಲಿ ಉಳಿದು ದಿನಾ ಓಡಾಡುತ್ತಿದ್ದಾರೆ.

ನಾನು ಮುಂಚೆಯೇ ಮೆಸೇಜ್ ಹಾಕಿ ಕೇಳಿದ್ದು ಇದಕ್ಕೆ. ರೇಸಿನ ತಾರೀಖು ಗೊತ್ತಿಲ್ಲದೆ ಮಾಮೂಲಿ ರೇಟಿಗೆ ಕೊಟ್ಟವನು, ಗೊತ್ತಾದ ಮೇಲೆ ಪೈಪ್ ಒಡೆಸಿಯೇ ಒಡೆಸುತ್ತಾನೆ. ನಮ್ಮ ಕಡೆಯೂ ಇಂಥವರಿದ್ದಾರೆ, ನನಗೇ ಗೊತ್ತು. ಒಂದು ವರ್ಷ ದುಡ್ಡು ಮಾಡುತ್ತಾರೆ, ಆಮೇಲೆ ಇಡೀ ಊರಿಗೆ ಕೆಟ್ಟ ಹೆಸರು. ಬಾಡಿಗೆ ಜಾಸ್ತಿ ಹೇಳು, ತಪ್ಪಿಲ್ಲ. ಹೇಳಿದ ಮೇಲೆ ನಿಲ್ಲು. ಮೂರು ನಾಲ್ಕು ತಿಂಗಳು ಮುಂಚೆ "ಗ್ರ್ಯಾಂಡ್ ಪ್ರಿ ವಾರ ಅಂತ ಗೊತ್ತಲ್ವಾ" ಅಂತ ಕೇಳಿ ಉತ್ತರ ಬರವಣಿಗೆಯಲ್ಲಿ ಇಟ್ಟುಕೊಂಡರೆ, ಕ್ಯಾನ್ಸಲ್ ಮಾಡುವ ಮನಸ್ಸಿದ್ದವನು ಆಗಲೇ ಮಾಡುತ್ತಾನೆ, ನಿಮಗೆ ಬೇರೆ ಹುಡುಕೋಕೆ ಸಮಯ ಇರುತ್ತದೆ.

ಶನಿವಾರ

ಕಾಲು ನೋವು. ಬೆಳಿಗ್ಗೆ ಹತ್ತರವರೆಗೆ ಮಲಗಿದೆವು. ಟೆಂಟಿನಲ್ಲಿದ್ದರೆ ಇದು ಆಗುತ್ತಿತ್ತಾ ಅಂತ ಮೈದುನನನ್ನು ಕೇಳಿದೆ, ಅವನು ಉತ್ತರ ಕೊಡಲಿಲ್ಲ.

ರೇಸಿನಲ್ಲಿ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಅರ್ಹತಾ ಸುತ್ತಿಗೆ ಮುಂಚೆ ಹಳೇ ಬ್ಯಾಂಕಿಂಗ್ ನೋಡೋಕೆ ಹೋದೆವು. 50ರ ದಶಕದಲ್ಲಿ ಕಟ್ಟಿದ ಕಾಂಕ್ರೀಟ್ ಇಳಿಜಾರು ತಿರುವು. ಎಫ್ 1 ಕಾರುಗಳು ಇದರ ಮೇಲೆ ಕೊನೆಯ ಸಲ ಓಡಿದ್ದು 1961ರಲ್ಲಿ. ಈಗ ಮರಗಳ ನಡುವೆ ಸುಮ್ನೆ ಬಿದ್ದಿದೆ. ಮೇಲಕ್ಕೆ ಹತ್ತೋಕೆ ಹೋದ ನಮ್ಮನೆಯವರು ಕಾಲುಭಾಗದಲ್ಲೇ ಕೈ ಊರಿದರು. ಕಾಂಕ್ರೀಟ್ ಒರಟು, ಬಿರುಕಿನಲ್ಲಿ ಹುಲ್ಲು, ಕೀಲುಗಳಲ್ಲಿ ಎದ್ದು ನಿಂತ ಅಂಚು. ಇದರ ಮೇಲೆ ಸಣ್ಣ ಟೈರಿನ ಕಾರುಗಳನ್ನು ಹೇಗೆ ಓಡಿಸಿದರೋ! ಮೈದುನ ಆ ಅಂಚುಗಳ ಮೇಲೆ ಬೆರಳಾಡಿಸಿ, "ಸಸ್ಪೆನ್ಷನ್ ಬಿಟ್ಟುಹೋಗುತ್ತೆ" ಅಂತ ಗ್ಯಾರೇಜ್ ತೀರ್ಪು ಕೊಟ್ಟ.

ಅರ್ಹತಾ ಸುತ್ತಿನಲ್ಲಿ ಮೊದಲೆರಡು ಸ್ಥಾನ ಮೆಕ್ಲಾರೆನ್‌ಗೆ, ನೊರಿಸ್ ಮತ್ತು ಪಿಯಾಸ್ಟ್ರಿ. ಫೆರಾರಿಯ ಇಬ್ಬರಲ್ಲಿ ಲೆಕ್ಲೆರ್ ನಾಲ್ಕನೆಯವ, ಸೈನ್ಸ್ ಐದನೆಯವ. ನಮ್ಮನೆಯವರ ಮುಖ ಬಾಡಿತು. ವಾಪಸ್ ಬರುವಾಗ ಬಸ್ ಬೇಡ ಅಂತ ಊರೊಳಗೆ ನಡೆದೇ ಬಂದೆವು. ಮೊನ್ಜಾ ಪೇಟೆ ಬೀದಿ ಪೂರ್ತಿ ಕೆಂಪು ಬಾವುಟ, ಅಂಗಡಿ ಅಂಗಡಿಯ ಗಾಜಿನಲ್ಲಿ ಫೆರಾರಿ. ಹತ್ತು ಗಂಟೆಯಾದರೂ ಗಲಾಟೆ ನಿಂತಿರಲಿಲ್ಲ. ಇಲ್ಲಿ ಉಳಿದರೆ ಈ ಸಂಜೆ ಸಿಗುತ್ತದೆ, ಅದು ನಿಜ, ಅದಕ್ಕೆ ದುಡ್ಡು ಕೊಡುವವರು ಕೊಡಲಿ. ನಾವು ಐಸ್‌ಕ್ರೀಮ್ ತಿಂದು ರೈಲು ಹತ್ತಿದೆವು, ಸೆಸ್ತೊದಲ್ಲಿ ಎಲ್ಲರೂ ಮಲಗಿದ್ದರು.

ಭಾನುವಾರ

ಭಾನುವಾರ ಬಿಯಾಸೊನೊ ಕಡೆಗೆ ವಿಶೇಷ ರೈಲುಗಳಿರುತ್ತವೆ. ಮೊನ್ಜಾದಲ್ಲಿ ಬದಲಾಯಿಸಿ ಹತ್ತಿದೆವು. ಹಳ್ಳಿಯ ಸ್ಟೇಷನ್ನಿನಂಥ ಜಾಗ, ಇಳಿದವರೆಲ್ಲ ಒಂದೇ ಕಡೆ ನಡೆಯುತ್ತಾರೆ, ದಾರಿ ಕೇಳುವ ಕೆಲಸವೇ ಇಲ್ಲ. ಬೆಳಿಗ್ಗೆ ಎಫ್ 2 ರೇಸಿನಲ್ಲಿ ಮೈನಿಯ ಜೊತೆಗಾರ ಗೇಬ್ರಿಯೆಲ್ ಬೊರ್ಟೊಲೆಟೊ 22ನೇ ಜಾಗದಿಂದ ಹೊರಟು ಗೆದ್ದುಬಿಟ್ಟ. ಅಷ್ಟಕ್ಕೇ ಟಿಕೆಟ್ ದುಡ್ಡು ಬಂತು ಅಂದ ಮೈದುನ.

ಮೂರು ಗಂಟೆಗೆ ರೇಸ್. ನಮ್ಮ ರೊಜ್ಜಾಗೆ ಮೊದಲ ಸುತ್ತಿನಲ್ಲೇ ಭಾಗ್ಯ. ನೊರಿಸ್ ಮುಂದೆ ಬಂದ, ಪಿಯಾಸ್ಟ್ರಿ ಹೊರಗಿನಿಂದ ಅವನ ಪಕ್ಕಕ್ಕೇ ಕಾರು ತಂದು ತಿರುಗಿಸಿ ಮುಂದೆ ಹೋದ. ನೊರಿಸ್ ತಡವರಿಸಿದ್ದೇ ತಡ, ಲೆಕ್ಲೆರ್ ಕೂಡ ಅವನನ್ನು ದಾಟಿದ. ಒಂದೇ ಟೀಮಿನವರು ಹೀಗೆ ಗುದ್ದಾಡಿದರೆ ಮೂರನೆಯವನಿಗೆ ಲಾಭ. ಸ್ಟ್ಯಾಂಡು ಅಲುಗಾಡಿತು, ಅತಿಶಯ ಅಲ್ಲ, ಕಬ್ಬಿಣದ ಹಲಗೆ ಕಾಲ ಕೆಳಗೆ ನಿಜವಾಗಿ ನಡುಗಿತು.

ಆಮೇಲೆ ಅರ್ಧ ಗಂಟೆ ಏನಾಗುತ್ತಿದೆ ಅಂತ ತಿಳಿಯಲಿಲ್ಲ. ಟಿಫೊಸಿಗಳಿಗೂ, ಅಂದರೆ ಫೆರಾರಿ ಅಭಿಮಾನಿಗಳಿಗೂ, ತಿಳಿಯುತ್ತಿರಲಿಲ್ಲ, ಎಲ್ಲರ ಕಿವಿಯಲ್ಲಿ ಫೋನು. ಮೆಕ್ಲಾರೆನ್‌ಗಳು ಎರಡನೇ ಸಲ ಟೈರು ಬದಲಿಸೋಕೆ ಪಿಟ್ ಒಳಗೆ ಹೋದವು. ಲೆಕ್ಲೆರ್ ಹೋಗಲಿಲ್ಲ. ಒಂದು ಸಲ ಮಾತ್ರ ಟೈರು ಬದಲಿಸಿ 53 ಸುತ್ತು ಮುಗಿಸುತ್ತಾನಾ? ಮೈದುನ ಪ್ರತಿ ಸುತ್ತಿಗೂ ಅವನ ಮುಂದಿನ ಎಡ ಟೈರನ್ನೇ ನೋಡುತ್ತಿದ್ದ. ಹಿಂದೆ ಪಿಯಾಸ್ಟ್ರಿ ಸುತ್ತಿಗೆ ಒಂದು ಸೆಕೆಂಡಿನ ಹಾಗೆ ಕಡಿಯುತ್ತಿದ್ದ. ಕೊನೆಗೆ ಉಳಿದ ಅಂತರ 2.664 ಸೆಕೆಂಡು. ಲೆಕ್ಲೆರ್ ಗೆದ್ದ. 2019ರ ನಂತರ ಮೊನ್ಜಾದಲ್ಲಿ ಫೆರಾರಿಯ ಮೊದಲ ಗೆಲುವು. ನಮ್ಮನೆಯವರು ಪಕ್ಕದ ಅಪರಿಚಿತ ಅಜ್ಜನನ್ನು ಅಪ್ಪಿಕೊಂಡಿದ್ದರು. ಅಜ್ಜ ಅಳುತ್ತಿದ್ದ.

ಗೇಟು ತೆರೆದಾಗ ಟ್ರ್ಯಾಕಿಗೆ ಇಳಿದೆವು. ಗೆದ್ದವರು ನಿಲ್ಲುವ ಪೋಡಿಯಮ್ ನಮ್ಮಿಂದ ದೂರ, ಇಟಲಿಯ ರಾಷ್ಟ್ರಗೀತೆ ಕೇಳಿದ್ದು ಸ್ಪೀಕರಿನಲ್ಲಿ. ಆದರೆ ರೊಜ್ಜಾದ ಡಾಂಬರಿನ ಮೇಲೆ ನಿಂತದ್ದು ನಾವೇ. ರೇಸಿನ ಗೆರೆಯ ಪಕ್ಕದಲ್ಲಿ ಟೈರಿನಿಂದ ಉದುರಿದ ರಬ್ಬರ್ ಚೂರುಗಳು, ಕೆಲವು ಹುಣಸೆಬೀಜದಷ್ಟು, ಕೆಲವು ಬೆರಳುದ್ದ. ಇನ್ನೂ ಬೆಚ್ಚಗಿದ್ದವು, ಚಪ್ಪಲಿಗೆ ಅಂಟುತ್ತಿದ್ದವು. ಮೈದುನ ಒಂದು ಹಿಡಿ ಆರಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿದ.

ಮೂರು ದಿನದಲ್ಲಿ ಮೂರು ಲಕ್ಷದ ಮೇಲೆ ಜನ ಬಂದಿದ್ದರು. ಬಿಯಾಸೊನೊ ಸ್ಟೇಷನ್ ಹೊರಗೆ ಸಾಲು ನಿಲ್ಲಿಸಿ, ಒಂದು ರೈಲಿಗೆ ಆಗುವಷ್ಟೇ ಜನರನ್ನು ಒಳಗೆ ಬಿಡುತ್ತಿದ್ದರು. ಒಂದು ಗಂಟೆಗೂ ಮೀರಿ ನಿಂತೆವು. ಯಾರೂ ನೂಕಲಿಲ್ಲ, ಗೆದ್ದ ಖುಷಿಯಲ್ಲಿ ಹಾಡುತ್ತಿದ್ದರು. ಮೊನ್ಜಾದಲ್ಲಿ ಇಳಿದರೆ ಮಿಲಾನ್ ಕಡೆ ರೈಲು ರೈಲಿಗೆ ಜನ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ತೂರಿಕೊಂಡೆವು. ಒಂದು ಸ್ಟಾಪು, ಬಾಗಿಲು ತೆರೆಯಿತು, ಇಳಿದೆವು. ಚೆಂತ್ರಾಲೆಗೆ ಹೋಗಿ ಅಲ್ಲಿಂದ ಇನ್ನೊಂದು ಮೆಟ್ರೊ ಹಿಡಿಯಬೇಕಾದವರ ಮುಖಗಳು ಗಾಜಿನ ಹಿಂದೆ ಇನ್ನೂ ಕಾಣುತ್ತಿದ್ದವು.

ಭಾನುವಾರ ರಾತ್ರಿಯೇ ವಿಮಾನ ಹಿಡಿಯೋಣ ಅಂತ ಯಾರಾದರೂ ಅಂದರೆ ಕೇಳಬೇಡಿ. ಆ ರಾತ್ರಿಯ ಬಾಡಿಗೆ ಶನಿವಾರದ ಅರ್ಧಕ್ಕೆ ಇಳಿದಿರುತ್ತದೆ, ಎಲ್ಲರೂ ಹೊರಟು ಹೋಗಿರುತ್ತಾರೆ. ನಾವು ಅಂದು ಅನ್ನ, ತಿಳಿಸಾರು ಮಾಡಿಕೊಂಡೆವು.

ಸೋಮವಾರ

ಚೀಲಗಳನ್ನು ಯಜಮಾನಿಯ ಹತ್ತಿರವೇ ಬಿಟ್ಟು ಅರೇಸೆಯಲ್ಲಿರುವ ಆಲ್ಫಾ ರೋಮಿಯೊ ಕಾರು ಕಂಪನಿಯ ಮ್ಯೂಸಿಯಮ್ಮಿಗೆ ಹೋದೆವು. ಮಂಗಳವಾರ ಅದಕ್ಕೆ ರಜೆ, ಹೋಗುವವರು ಗಮನಿಸಿ. 1950ರಲ್ಲಿ ಎಫ್ 1ರ ಮೊದಲ ವಿಶ್ವ ಚಾಂಪಿಯನ್ ಆದ ನಿನೊ ಫರೀನಾ ಓಡಿಸಿದ್ದು ಆಲ್ಫಾ, ಮುಂದಿನ ವರ್ಷ ಗೆದ್ದ ಫಾಂಜಿಯೊ ಓಡಿಸಿದ್ದೂ ಆಲ್ಫಾ. ಆ ಕಾಲದ ಕೆಂಪು ಕಾರಿನ ಮುಂದೆ ಮೈದುನ ಮೊಣಕಾಲೂರಿ ಕೂತ. ಅವನನ್ನು ಎಬ್ಬಿಸಿ ಕರೆದುಕೊಂಡು ಬರೋದರಲ್ಲಿ ಸಾಕಾಯಿತು.

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಮನೆ ಸೇರಿದೆವು. ನವೆಂಬರ್‌ನಲ್ಲಿ ಮೊನ್ಜಾ ರೇಸಿನ ಒಪ್ಪಂದ 2031ರವರೆಗೆ ಮುಂದುವರಿಯಿತು ಅಂತ ಸುದ್ದಿ ಬಂತು. ಸೆಸ್ತೊ ಯಜಮಾನಿಗೆ ಮೆಸೇಜ್ ಹಾಕಿ, ಇನ್ನೊಮ್ಮೆ ಬಂದರೆ ಮನೆ ಕೊಡುತ್ತೀರಾ ಅಂತ ಕೇಳಿದೆ. ಕೊಡುತ್ತೇನೆ, ಆದರೆ ಆಪ್ ಮೂಲಕ ಬೇಡ, ನೇರ ಹೇಳಿ, ಕಮಿಷನ್ ಉಳಿದರೆ ಬಾಡಿಗೆ ಇಳಿಸುತ್ತೇನೆ ಅಂದರು. ನಮ್ಮ ಖಾಯಂ ಗಿರಾಕಿಗಳಿಗೆ ನಾನೂ ಅದನ್ನೇ ಹೇಳೋದು. ವೀಸಾಗೆ ಕಾಗದ ಬೇಕಲ್ಲ ಅಂದೆ. ಅದನ್ನೂ ಬರೆದು ಕಳಿಸುತ್ತಾರಂತೆ, ಬದಲಿಗೆ ಒಂದು ಕಿಲೋ ಚಟ್ನಿಪುಡಿ ತರಬೇಕಂತೆ.